ಅರ್ಧ ಇಂಚಿನ ಪೈಪೂ ನನ್ನ ಪರ್ಲ್ ಟೆಂಪ್ಲೇಟೂ

"ಇನ್ನೂ ಪರ್ಲಾ ಮಾರಾಯ?" ಅಂತ, ಆ ಹಳೆ ಪ್ರೋಗ್ರಾಮಿಂಗ್ ಭಾಷೆಯ ಹೆಸರು ಕೇಳಿ ನಕ್ಕವರೇ ಜಾಸ್ತಿ. ದಾವಣಗೆರೆಯ ಒಂದು ಹಾರ್ಡ್‌ವೇರ್ ಅಂಗಡಿಯ ಸ್ಟಾಕ್ ಪುಟಗಳನ್ನು 2008ರ ಸುಮಾರಿಗೆ ಪರ್ಲ್‌ನಲ್ಲಿ ವೆಬ್ ಪುಟ ಕಟ್ಟುವ ಸಿಜಿಐ.ಪಿಎಂ (CGI.pm) ಎಂಬ ಮಾಡ್ಯೂಲ್‌ನಲ್ಲೇ ಕಟ್ಟಿದ್ದೆ. ಟೇಬಲ್, ಟೆಕ್ಸ್ಟ್‌ಫೀಲ್ಡ್ ಎಲ್ಲವೂ ಪ್ರೋಗ್ರಾಂನೊಳಗಿನ ಫಂಕ್ಷನ್ ಕಾಲ್. ಒಂದು ಸಾಲಿನ ಬಣ್ಣ ಬದಲಿಸಲೂ ನಾನೇ ಬೇಕು. 2015ರಲ್ಲಿ ಪರ್ಲ್ 5.22 ಬಂದಾಗ ಸಿಜಿಐ.ಪಿಎಂ ಕೋರ್‌ನಿಂದ, ಅಂದರೆ ಪರ್ಲ್ ಜೊತೆಗೇ ಬರುವ ಮಾಡ್ಯೂಲ್‌ಗಳಿಂದ, ಹೊರಬಿತ್ತು. ಮುಂದೊಂದು ದಿನ ಹೋಸ್ಟಿಂಗ್‌ನವರು ರಾತ್ರೋರಾತ್ರಿ ಅಪ್‌ಗ್ರೇಡ್ ಮಾಡಿದರು. ಬೆಳಿಗ್ಗೆ ಎಲ್ಲ ಪುಟವೂ 500 ಎರರ್. ಪರ್ಲ್ ಮಾಡ್ಯೂಲ್‌ಗಳ ಭಂಡಾರ ಸಿಪ್ಯಾನ್‌ನಿಂದ (CPAN) ತಂದು ಹಾಕಿದೆ, ಓಡಿತು. ಆದರೆ ಆ ಎಚ್‌ಟಿಎಂಎಲ್ ಫಂಕ್ಷನ್‌ಗಳನ್ನು ಇನ್ನು ಬಳಸಬೇಡಿ ಅಂತ ಅದರ ಡಾಕ್ಯುಮೆಂಟೇ ಹೇಳುತ್ತಿತ್ತು.

ಪುಟದ ಎಚ್‌ಟಿಎಂಎಲ್ ಅನ್ನು ಪ್ರೋಗ್ರಾಂನಿಂದ ಬೇರೆ ಫೈಲಿನಲ್ಲಿ, ಅಂದರೆ ಟೆಂಪ್ಲೇಟಿನಲ್ಲಿ, ಇಡಬೇಕಿತ್ತು. ಅದಕ್ಕೆ ಗೆಳೆಯರೆಲ್ಲ ಟೆಂಪ್ಲೇಟ್ ಟೂಲ್‌ಕಿಟ್ ಎಂಬ ಮಾಡ್ಯೂಲ್ ಅಂದರು. ಒಂದು ವಾರ ಒದ್ದಾಡಿದೆ. ಬರೀ ಸಿಜಿಐ ಪದ್ಧತಿಯಲ್ಲಿ ಪ್ರತಿ ಕ್ಲಿಕ್ಕಿಗೂ ಪ್ರೋಗ್ರಾಂ, ಟೂಲ್‌ಕಿಟ್ ಎಲ್ಲವೂ ಹೊಸದಾಗಿ ಲೋಡ್. ಪುಟಕ್ಕೆ ಮುಕ್ಕಾಲು ಸೆಕೆಂಡು ಹಿಡಿಯುತ್ತಿತ್ತು. ಅದನ್ನು ತಪ್ಪಿಸಲು ವಿಪಿಎಸ್ (ನಮಗೇ ಮೀಸಲಾದ ವರ್ಚುವಲ್ ಸರ್ವರ್) ಅಂದರೆ ಆಗ ವರ್ಷಕ್ಕೆ 11-12 ಸಾವಿರ, ಹೋಸ್ಟಿಂಗ್‌ಗೆ ಕೊಡುತ್ತಿದ್ದದ್ದು 2,500. ಯಜಮಾನರು ಸುಮ್ಮನೆ ನನ್ನ ಮುಖ ನೋಡಿದರು. ಅದೂ ಅಲ್ಲದೆ, ಆ ಟೂಲ್‌ಕಿಟ್‌ನಲ್ಲಿ ಏನು ಬೇಕಾದರೂ ಬರೆಯಬಹುದಲ್ಲ, ಮೂರೇ ದಿನಕ್ಕೆ ನನ್ನ ವ್ಯಾಟ್ ಲೆಕ್ಕ ಟೆಂಪ್ಲೇಟಿನೊಳಗೆ ಹೋಗಿ ಕೂತಿತ್ತು.

ಕೊನೆಗೆ ಹಿಡಿದದ್ದು ಎಚ್‌ಟಿಎಂಎಲ್::ಟೆಂಪ್ಲೇಟ್ ಎಂಬ ಇನ್ನೊಂದು, ಚಿಕ್ಕ ಮಾಡ್ಯೂಲ್. ವೇರಿಯಬಲ್, ಲೂಪ್, ಇಫ್, ಇನ್‌ಕ್ಲೂಡ್ ಬಿಟ್ಟರೆ ಹೆಚ್ಚೇನಿಲ್ಲ. "ಮಕ್ಕಳ ಆಟಿಕೆ" ಅಂದರು. ನನಗೆ ಬೇಕಾಗಿದ್ದದ್ದೂ ಅದೇ.

ಎರಡನೇ ವಾರ ಪೆಟ್ಟು ಬಿತ್ತು. ಐಟಂ ಹೆಸರು: ಪಿವಿಸಿ ಪೈಪ್ 1/2" 10 ಅಡಿ. ಎಚ್‌ಟಿಎಂಎಲ್‌ನಲ್ಲಿ ವ್ಯಾಲ್ಯೂ ಮುಗಿಸುವುದೂ ಅದೇ " ಗುರುತು, ಹಾಗಾಗಿ ಎಡಿಟ್ ಫಾರ್ಮಿನಲ್ಲಿ ಆ ಇಂಚಿನ ಗುರುತಿಗೇ ವ್ಯಾಲ್ಯೂ ಮುಗಿದುಹೋಗುತ್ತಿತ್ತು. ಹುಡುಗ ರೇಟು ತಿದ್ದಿ ಸೇವ್ ಒತ್ತಿದ. 10 ಅಡಿ, 20 ಅಡಿ ಎರಡೂ ಬರೀ 'ಪಿವಿಸಿ ಪೈಪ್ 1/2' ಆದವು. ಹೀಗೆ ಸುಮಾರು 140 ಐಟಂ. ಹಳೆ ಸಿಜಿಐ.ಪಿಎಂ ಇಂಥ ಗುರುತನ್ನು ತಾನಾಗಿಯೇ ಎಸ್ಕೇಪ್ ಮಾಡುತ್ತಿತ್ತು (ಅಂದರೆ " ತರಹದ ಸಂಕೇತವಾಗಿ ಬದಲಿಸುತ್ತಿತ್ತು), ಇದು ಹೇಳದೆ ಮಾಡುವುದಿಲ್ಲ. ಡೀಫಾಲ್ಟ್ ಎಸ್ಕೇಪ್ ಎಚ್‌ಟಿಎಂಎಲ್ ಅಂತ ಒಂದು ಸಾಲು, ಅಷ್ಟೇ. ಆ ಸಾಲು ಬಿಟ್ಟಿದ್ದಕ್ಕೆ ನನ್ನ 8,000 ರೂಪಾಯಿ ಬಿಲ್ ಎರಡು ತಿಂಗಳು ನಿಂತಿತು.

ಟೆಂಪ್ಲೇಟಿನಿಂದ ಒಂದು ವೇರಿಯಬಲ್ ಅಳಿಸಿದರೂ ಪ್ರೋಗ್ರಾಂ ಸತ್ತುಹೋಗುತ್ತದಲ್ಲ, ಆ 'ಡೈ ಆನ್ ಬ್ಯಾಡ್ ಪ್ಯಾರಮ್ಸ್' ಸೆಟ್ಟಿಂಗನ್ನು ಅಂಗಡಿಯಲ್ಲಿ 0 ಮಾಡಿ ಆರಿಸಿದೆ, ಮನೆಯಲ್ಲಿ 1 ಆಗಿಯೇ ಇಟ್ಟೆ. ಮಧ್ಯೆ ಚಪಲಕ್ಕೆ ಟೆಕ್ಸ್ಟ್::ಎಕ್ಸ್‌ಸ್ಲೇಟ್ ಎಂಬ ಇನ್ನೊಂದು ಟೆಂಪ್ಲೇಟ್ ಮಾಡ್ಯೂಲ್ ಕೂಡ ನೋಡಿದೆ. ಎಸ್ಕೇಪ್ ತಾನೇ ಮಾಡುತ್ತದೆ, ವೇಗಕ್ಕೆ ಎದುರಿಲ್ಲ. ಆದರೆ ದಿನಕ್ಕೆ 60 ಜನ ನೋಡುವ ಪುಟಕ್ಕೆ ರೇಸ್ ಕುದುರೆ ಯಾಕೆ?

ಈಗ ಪುಟ ಕಾಲು ಸೆಕೆಂಡಿನೊಳಗೆ ಬರುತ್ತದೆ. ಆ ವೇಗದ ಶ್ರೇಯ ಅರ್ಧ ಟೆಂಪ್ಲೇಟಿನದು, ಇನ್ನರ್ಧ ನಾನು ರಾತ್ರಿ ಕ್ರಾನ್‌ನಲ್ಲಿ (ಗೊತ್ತುಮಾಡಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ವ್ಯವಸ್ಥೆ) ಮಾಡುವ ಒಂದು ಕೆಲಸದ್ದು. ಅದೇನೆಂಬುದು ನನ್ನ ಹತ್ತಿರವೇ ಇರಲಿ.

ಮೊನ್ನೆ ನೋಡಿದರೆ ಸ್ಟಾಕ್ ಪಟ್ಟಿಯಲ್ಲಿ ಒಂದು ಬಿಟ್ಟು ಒಂದು ಸಾಲು ಬೂದು ಬಣ್ಣ. ಕೌಂಟರಿನ ಹುಡುಗನೇ ಟೆಂಪ್ಲೇಟಿನಲ್ಲಿ ಹಾಕಿಕೊಂಡಿದ್ದಾನೆ, ನನಗೊಂದು ಫೋನೂ ಮಾಡದೆ.