ಗಿಡ್ಡ 22: ಕ್ರೋಮೋಸೋಮ್ ಲ್ಯಾಬಿನಲ್ಲಿ ನನ್ನ ಅನುಭವ

ಹಸಿರು ಮುಚ್ಚಳದ ಟ್ಯೂಬ್ ಬಂದರೆ ನನಗೆ ನೆಮ್ಮದಿ. ನೇರಳೆ ಮುಚ್ಚಳದ್ದು ಮಾತ್ರ ಬಂದಿದ್ದರೆ ಮನಸ್ಸು ಕುಗ್ಗುತ್ತದೆ. ಹಸಿರಿನಲ್ಲಿ ಹೆಪಾರಿನ್ ಇರುತ್ತದೆ, ಅದರಲ್ಲಿ ಮಜ್ಜೆಯ ಕೋಶಗಳು ಜೀವ ಹಿಡಿದುಕೊಂಡಿರುತ್ತವೆ. ನೇರಳೆಯಲ್ಲಿರುವ ಇಡಿಟಿಎ ಪಿಸಿಆರ್‌ಗೆ, ಅಂದರೆ ಜೀನನ್ನು ಹುಡುಕುವ ಪರೀಕ್ಷೆಗೆ, ಒಳ್ಳೆಯದು. ಆದರೆ ನನಗೆ ಬೇಕಾದದ್ದು ಬೆಳೆಯುವ ಕೋಶ. ಟ್ಯೂಬ್ ತಪ್ಪಾದರೆ ರೋಗಿಯ ಸೊಂಟದ ಮೂಳೆಗೆ ಇನ್ನೊಮ್ಮೆ ಸೂಜಿ ಹಾಕಬೇಕಾಗಬಹುದು. ಆ ಮಾತು ಹೇಳಲು ಫೋನ್ ಎತ್ತುವಾಗ ಈಗಲೂ ಸಂಕಟವಾಗುತ್ತದೆ.

ಬೆಂಗಳೂರಿನ ಒಂದು ಸೈಟೋಜೆನೆಟಿಕ್ಸ್ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕೋಶದೊಳಗಿನ ಕ್ರೋಮೋಸೋಮ್‌ಗಳನ್ನು ಗಾಜಿನ ಮೇಲೆ ಹರಡಿ, ಎಣಿಸಿ, ಜೋಡಿ ಕಟ್ಟಿ, ಎಲ್ಲಿ ಏನು ಕೆಟ್ಟಿದೆ ಎಂದು ಹೇಳುವುದು ನನ್ನ ಕೆಲಸ. ಶಾಲೆಯಲ್ಲಿ ವರ್ಣತಂತು ಅಂತ ಓದಿದ್ದೆವಲ್ಲ, ಅವೇ. ಹೆಚ್ಚಾಗಿ ನನ್ನ ಕೈಗೆ ಬರುವುದು ರಕ್ತದ ಕ್ಯಾನ್ಸರ್‌ನ ಮಾದರಿಗಳು. ಅದರಲ್ಲೂ ಸಿಎಂಎಲ್ (ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ) ಎಂಬ ರಕ್ತದ ಕ್ಯಾನ್ಸರ್‌ನಿಂದ ನಾನು ಕಲಿತಷ್ಟು ಬೇರೆ ಯಾವುದರಿಂದಲೂ ಕಲಿತಿಲ್ಲ. ಕ್ಯಾನ್ಸರ್ ಹೇಗೆ ಶುರುವಾಗುತ್ತದೆ, ಹೇಗೆ ಹದಗೆಡುತ್ತದೆ ಎಂಬುದನ್ನು ಒಬ್ಬರದೇ ಸ್ಲೈಡುಗಳಲ್ಲಿ ಕಣ್ಣಾರೆ ನೋಡಿದ್ದೇನೆ. ಅದನ್ನೇ ಬರೆಯುತ್ತಿದ್ದೇನೆ. ಅವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಮೊದಲು ಕೆಲಸದ ಬಗ್ಗೆ ಸ್ವಲ್ಪ. ಕೋಶ ಸುಮ್ಮನಿರುವಾಗ ಕ್ರೋಮೋಸೋಮ್‌ಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಸಿಕ್ಕುಬಿದ್ದ ನೂಲಿನ ಉಂಡೆಯ ಹಾಗಿರುತ್ತವೆ. ಒಂದು ಕೋಶ ಎರಡಾಗುವ ಹೊತ್ತಿಗೆ ಮಾತ್ರ ಆ ನೂಲು ಸುತ್ತಿಕೊಂಡು ದಪ್ಪ ಕಡ್ಡಿಗಳಾಗುತ್ತದೆ. ಆ ಗಳಿಗೆಯಲ್ಲೇ ಹಿಡಿದು ನಿಲ್ಲಿಸಬೇಕು. ಮಜ್ಜೆಯ ಒಂದು ಪಾಲನ್ನು 37 ಡಿಗ್ರಿ ಶಾಖದಲ್ಲಿ 24 ಗಂಟೆ, ಇನ್ನೊಂದನ್ನು 48 ಗಂಟೆ ಇಡುತ್ತೇನೆ. ಆಮೇಲೆ ಕೋಲ್ಸೆಮಿಡ್ ಹಾಕುತ್ತೇನೆ. ಇದು ಕೋಲ್ಚಿಸಿನ್‌ನ ಹತ್ತಿರದ ನೆಂಟ. ಮಳೆಗಾಲದಲ್ಲಿ ಬೇಲಿ ಮೇಲೆ ಕೆಂಪು ಹಳದಿಯಾಗಿ ಅರಳುವ ಅಗ್ನಿಶಿಖೆ ಇದೆಯಲ್ಲ, ಅದರ ಗೆಡ್ಡೆಯ ವಿಷವೂ ಕೋಲ್ಚಿಸಿನ್ನೇ. ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯುವ ಹಗ್ಗಗಳು ಹೆಣೆದುಕೊಳ್ಳಲು ಅದು ಬಿಡುವುದಿಲ್ಲ. ಕೋಶ ಅಲ್ಲೇ ನಿಲ್ಲುತ್ತದೆ.

ನಂತರ ತೆಳು ಪೊಟ್ಯಾಸಿಯಂ ಕ್ಲೋರೈಡ್ ನೀರು. 0.075 ಮೋಲಾರ್, ಅಷ್ಟೇ. ನೀರು ಒಳಗೆ ನುಗ್ಗಿ ಕೋಶ ಉಬ್ಬುತ್ತದೆ, ಕ್ರೋಮೋಸೋಮ್‌ಗಳು ಒಂದಕ್ಕೊಂದು ದೂರವಾಗುತ್ತವೆ. ಅಮೆರಿಕದ ಫಿಲಡೆಲ್ಫಿಯಾ ಊರಿನ ವಿಜ್ಞಾನಿ ಪೀಟರ್ ನೋವೆಲ್‌ಗೆ ಇದು ತಾನಾಗಿಯೇ ಸಿಕ್ಕಿತ್ತು. ಲ್ಯುಕೇಮಿಯಾ ಕೋಶಗಳ ಸ್ಲೈಡನ್ನು ಅವರು ನಲ್ಲಿ ನೀರಿನಲ್ಲಿ ತೊಳೆದಾಗ ಕೋಶ ಉಬ್ಬಿ ಕ್ರೋಮೋಸೋಮ್‌ಗಳು ಹರಡಿ ಕಂಡವು. 1960ರಲ್ಲಿ ಅವರೂ ಡೇವಿಡ್ ಹಂಗರ್‌ಫೋರ್ಡ್ ಅವರೂ ಸೇರಿ ಸಿಎಂಎಲ್ ರೋಗಿಗಳಲ್ಲಿ ಒಂದು ಪುಟ್ಟ ಕ್ರೋಮೋಸೋಮ್ ಇದೆ ಎಂದು ವರದಿ ಮಾಡಿದರು. ಊರಿನ ಹೆಸರೇ ಅದಕ್ಕೆ ಬಂತು, ಫಿಲಡೆಲ್ಫಿಯಾ ಕ್ರೋಮೋಸೋಮ್. ನಮ್ಮ ಲ್ಯಾಬಿನಲ್ಲಿ ಅದಕ್ಕೆ 'ಪಿಎಚ್' ಅಂತೀವಿ.

ಕೊನೆಗೆ ಮೂರು ಪಾಲು ಮೆಥನಾಲ್, ಒಂದು ಪಾಲು ಅಸಿಟಿಕ್ ಆಸಿಡ್‌ನಲ್ಲಿ ತೊಳೆದು, ಗಾಜಿನ ಮೇಲೆ ಹನಿ ಬಿಡಬೇಕು. ಹೇಳಲು ಒಂದು ಹನಿ. ಆದರೆ ಅರ್ಧ ವಿದ್ಯೆ ಇಲ್ಲೇ ಇದೆ. ಮಾರ್ಚ್ ತಿಂಗಳ ಒಣ ಹವೆಯಲ್ಲಿ ಹನಿ ಬೇಗ ಆರಿ, ಕ್ರೋಮೋಸೋಮ್‌ಗಳು ಒಂದರ ಮೇಲೊಂದು ಕೂತುಬಿಡುತ್ತವೆ. ಜುಲೈ ತೇವದಲ್ಲಿ ನಿಧಾನ ಆರಿ, ಜಾಸ್ತಿ ಹರಡಿ, ಪಕ್ಕದ ಕೋಶದ್ದರ ಜೊತೆ ಬೆರೆತುಹೋಗುತ್ತವೆ. ಮೊದಲ ವರ್ಷ ಇದು ತಿಳಿಯದೆ ಎಷ್ಟೋ ಸ್ಲೈಡ್ ಕಳೆದುಕೊಂಡೆ. ಹನಿ ಬಿಡುವ ಮೊದಲು ಕಿಟಕಿ ಕಡೆ ನೋಡು ಅಂತ ನನಗೆ ಕಲಿಸಿದ ಹಿರಿಯರು ಹೇಳುತ್ತಿದ್ದರು. ಈಗ ಬೇಸಿಗೆಯಲ್ಲಿ ವಾಟರ್ ಬಾತ್‌ನ ಹಬೆ ಮೇಲೆ ಸ್ಲೈಡ್ ಹಿಡಿದು ಆಮೇಲೆ ಹನಿ ಬಿಡುತ್ತೇನೆ. ಆಮೇಲೆ ಪ್ರೋಟೀನ್ ಕರಗಿಸುವ ಟ್ರಿಪ್ಸಿನ್‌ನಲ್ಲಿ ಅದ್ದುವುದು ಕೆಲವೇ ಸೆಕೆಂಡು. ಕಡಿಮೆಯಾದರೆ ಕ್ರೋಮೋಸೋಮ್ ಪೂರ್ತಿ ಕಪ್ಪು ಕಡ್ಡಿ, ಜಾಸ್ತಿಯಾದರೆ ಊದಿದ ನೆರಳು. ಹದವಾಗಿದ್ದರೆ ಗೀಮ್ಸಾ ಬಣ್ಣ ಹಾಕಿದಾಗ ಕಪ್ಪು ಬಿಳಿ ಪಟ್ಟೆಗಳು ಎದ್ದು ಬರುತ್ತವೆ. ಆ ಪಟ್ಟೆಗಳೇ ಪ್ರತಿ ಕ್ರೋಮೋಸೋಮ್‌ನ ಮುಖ.

ನಾನು ಹೇಳಬೇಕೆಂದಿರುವ ರೋಗಿಗೆ ಆಗ ಮೂವತ್ತೈದರ ಆಸುಪಾಸು. ನಮ್ಮ ದೇಶದಲ್ಲಿ ಸಿಎಂಎಲ್ ಬರುವವರು ಪಶ್ಚಿಮದವರಿಗಿಂತ ಚಿಕ್ಕ ವಯಸ್ಸಿನವರು. ಎಡ ಪಕ್ಕೆಲುಬಿನ ಕೆಳಗೆ ಕಲ್ಲಿಟ್ಟ ಹಾಗೆ ಭಾರ, ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದ ಹಾಗೆ. ಗುಲ್ಮ ಊದಿತ್ತು. ಸಾಮಾನ್ಯವಾಗಿ 11 ಸಾವಿರದೊಳಗೆ ಇರಬೇಕಾದ ಬಿಳಿ ರಕ್ತಕಣಗಳ ಎಣಿಕೆ ಎರಡು ಲಕ್ಷ ದಾಟಿತ್ತು.

ಅವರ ಸ್ಲೈಡಿನಲ್ಲಿ 20 ಕೋಶ ನೋಡಿದೆ. ಎಲ್ಲದರಲ್ಲೂ 46 ಕ್ರೋಮೋಸೋಮ್, ಅಂದರೆ ಇರಬೇಕಾದ 23 ಜೋಡಿ. ಲೆಕ್ಕ ಸರಿ. ಆದರೆ ಜೋಡಿ ಕಟ್ಟುವಾಗ 22ನೇ ನಂಬರಿನ ಜೋಡಿಯಲ್ಲಿ ಒಂದು ಗಿಡ್ಡ. 22 ಮೊದಲೇ ಪುಟ್ಟದು, ಇದು ಅದಕ್ಕಿಂತ ಪುಟ್ಟದು, ಬಾಲ ಕತ್ತರಿಸಿದ ಹಾಗೆ. 9ರ ಜೋಡಿಯಲ್ಲಿ ಒಂದರ ಬಾಲ ಉದ್ದ. ಇಪ್ಪತ್ತಕ್ಕೆ ಇಪ್ಪತ್ತರಲ್ಲೂ ಹಾಗೇ.

9 ಮತ್ತು 22 ತುಂಡು ಬದಲಾಯಿಸಿಕೊಂಡಿವೆ ಎಂದು ಕಂಡುಹಿಡಿದವರು ಷಿಕಾಗೋದ ಜಾನೆಟ್ ರೌಲಿ. ಅದು ಪ್ರಕಟವಾದದ್ದು 1973ರಲ್ಲಿ. ಕ್ರೋಮೋಸೋಮ್ ಫೋಟೋಗಳನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಕತ್ತರಿಸಿ ಹರಡಿಕೊಂಡು ನೋಡುತ್ತಿದ್ದರಂತೆ. ಅಲ್ಲಿಯವರೆಗೆ ಪಿಎಚ್‌ನ ಕಳೆದ ತುಂಡು ಎಲ್ಲಿ ಹೋಯಿತು ಎಂದು ಯಾರಿಗೂ ಗೊತ್ತಿರಲಿಲ್ಲ. ಈಗ ನಮಗೆ ಕಂಪ್ಯೂಟರ್ ಜೋಡಿ ಕಟ್ಟಿಕೊಡುತ್ತದೆ. ಆದರೂ ಕಲಿಯಲು ಬರುವವರಿಗೆ ನಾನು ಮೊದಲು ಕತ್ತರಿ, ಅಂಟು ಕೊಡುತ್ತೇನೆ. ಬೆರಳಿಗೆ ಗೊತ್ತಾಗದ ಹೊರತು ಕಣ್ಣಿಗೆ ಗೊತ್ತಾಗುವುದಿಲ್ಲ ಅಂತ ನನ್ನ ನಂಬಿಕೆ.

ಈ ಅದಲುಬದಲಿನಿಂದ ಏನಾಗುತ್ತದೆ? 9ರ ಮೇಲೆ ಎಬಿಎಲ್ ಎಂಬ ಜೀನ್ ಇದೆ. ಅದು ತಯಾರಿಸುವ ಪ್ರೋಟೀನ್ ಒಂದು ಸ್ವಿಚ್ಚಿದ್ದ ಹಾಗೆ. ಬೇಕಾದಾಗ ಬೆಳೆ ಎಂದು ಹೇಳುತ್ತದೆ, ಬೇಡವಾದಾಗ ಸುಮ್ಮನಾಗುತ್ತದೆ. ಸುಮ್ಮನಿರಿಸುವ ಚಿಲಕ ಆ ಪ್ರೋಟೀನಿನ ಮೊದಲ ತುದಿಯಲ್ಲೇ ಇದೆ. ಡಿಎನ್‌ಎ ತುಂಡಾಗಿ ತಪ್ಪು ಜಾಗದಲ್ಲಿ ಬೆಸೆದುಕೊಂಡಾಗ ಆ ತುದಿ ಹೋಗಿ, ಅದರ ಜಾಗಕ್ಕೆ 22ರ ಬಿಸಿಆರ್ ಜೀನಿನ ತುಂಡು ಬಂದು ಕೂರುತ್ತದೆ. ಬಿಸಿಆರ್‌ಗೆ ಒಂದಕ್ಕೊಂದು ತಬ್ಬಿಕೊಳ್ಳುವ ಗುಣ. ಹಾಗೆ ತಬ್ಬಿದ ಪ್ರೋಟೀನುಗಳು ಒಂದನ್ನೊಂದು ಚುರುಕು ಮಾಡುತ್ತವೆ. ಚಿಲಕವೂ ಇಲ್ಲ, ತಳ್ಳುವವರೂ ಇದ್ದಾರೆ. ಸ್ವಿಚ್ ಆರುವುದೇ ಇಲ್ಲ. ಮಜ್ಜೆಯ ಒಂದೇ ಒಂದು ಕಾಂಡಕೋಶದಲ್ಲಿ ಹೀಗಾದರೆ ಸಾಕು, ಅದರ ಮಕ್ಕಳು ಮೊಮ್ಮಕ್ಕಳೇ ಮಜ್ಜೆ ತುಂಬುತ್ತಾರೆ. ಇಪ್ಪತ್ತಕ್ಕೆ ಇಪ್ಪತ್ತು ಕೋಶದಲ್ಲೂ ಅದೇ ಗಿಡ್ಡ 22 ಕಂಡದ್ದು ಅದಕ್ಕೇ. ಅವೆಲ್ಲ ಒಂದೇ ಮನೆತನ.

ಈ ಬೆಸೆದ ಜೀನಿನ ಸುಳಿವು ಕೆಲವು ಆರೋಗ್ಯವಂತರ ರಕ್ತದಲ್ಲೂ ತೀರಾ ಚಿಕ್ಕ ಪ್ರಮಾಣದಲ್ಲಿ ಸಿಕ್ಕಿದೆ. ಅವರಿಗೆ ಕಾಯಿಲೆ ಇಲ್ಲ. ತಪ್ಪು ಆಗುವುದು ಒಂದು ಮಾತು, ಅದು ದೀರ್ಘಕಾಲ ಬಾಳುವ ಕೋಶದಲ್ಲೇ ಆಗುವುದು ಬೇರೆ ಮಾತು.

ಆ ರೋಗಿಯ ಅಣ್ಣ ಒಮ್ಮೆ ವರದಿ ಕೇಳಿಕೊಂಡು ಲ್ಯಾಬಿನ ಬಾಗಿಲಿಗೇ ಬಂದರು. ಅವರು ಕೇಳಿದ್ದು ಎರಡೇ ಪ್ರಶ್ನೆ. ನಮ್ಮ ಮಕ್ಕಳಿಗೂ ಬರುತ್ತಾ? ನಮ್ಮಿಂದ ಏನು ತಪ್ಪಾಯಿತು? ಕಾಯಿಲೆಯ ಬಗ್ಗೆ ಮಾತಾಡಬೇಕಾದವರು ಡಾಕ್ಟರು, ನಾನಲ್ಲ. ಆದರೆ ಆ ಮುಖ ನೋಡಿ ಸುಮ್ಮನಿರಲು ಆಗಲಿಲ್ಲ. ಈ ತಪ್ಪು ಹುಟ್ಟುವಾಗ ಬಂದದ್ದಲ್ಲ, ಮಜ್ಜೆಯ ಒಂದು ಕೋಶದಲ್ಲಿ ಆಮೇಲೆ ಆದದ್ದು, ಮಕ್ಕಳಿಗೆ ದಾಟುವಂಥದ್ದಲ್ಲ ಎಂದೆ. ಹಿರೋಷಿಮಾ, ನಾಗಸಾಕಿಯಲ್ಲಿ ಬಾಂಬಿನಿಂದ ಬದುಕುಳಿದವರಲ್ಲಿ ಸಿಎಂಎಲ್ ಹೆಚ್ಚಾಗಿತ್ತು, ಅಂದರೆ ಜೋರು ವಿಕಿರಣಕ್ಕೆ ಡಿಎನ್‌ಎ ಮುರಿಯುವ ಶಕ್ತಿ ಇದೆ. ಆದರೆ ನನ್ನ ಮೇಜಿಗೆ ಬರುವ ಬಹುತೇಕರ ವಿಷಯದಲ್ಲಿ ತೋರಿಸಲು ಯಾವ ಕಾರಣವೂ ಇರುವುದಿಲ್ಲ. ನೀವು ಏನೂ ತಪ್ಪು ಮಾಡಿಲ್ಲ ಎಂದಾಗ ಅವರು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು.

ಚಿಕಿತ್ಸೆ ಶುರುವಾಯಿತು. ಇಮಾಟಿನಿಬ್ ಮಾತ್ರೆ. ಆ ಸ್ವಿಚ್ಚಿಗೆ ಶಕ್ತಿ ಕೊಡುವುದು ಎಟಿಪಿ, ಅದು ಬಂದು ಕೂರುವ ಗುಳಿಯಲ್ಲೇ ಈ ಮಾತ್ರೆ ಹೋಗಿ ಕೂತುಕೊಳ್ಳುತ್ತದೆ. 2001ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಇದರ ಪೇಟೆಂಟ್ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2013ರ ಏಪ್ರಿಲ್ 1ರಂದು ಪೇಟೆಂಟ್ ಇಲ್ಲ ಎಂದು ತೀರ್ಪು ಬಂತು. ಭಾರತದ ಕಂಪನಿಗಳ ಕಡಿಮೆ ಬೆಲೆಯ ಮಾತ್ರೆ ಉಳಿದುಕೊಂಡಿತು. ನಾನು ನೋಡುವ ರೋಗಿಗಳಲ್ಲಿ ಬಹುಪಾಲು ಜನ ಆ ಮಾತ್ರೆಯಿಂದಲೇ ಬದುಕುತ್ತಿದ್ದಾರೆ.

ಒಂದು ವರ್ಷದ ಮೇಲೆ ಅವರ ಮಜ್ಜೆ ಮತ್ತೆ ಬಂತು. 20 ಕೋಶ. ಎಲ್ಲದರಲ್ಲೂ 22ರ ಜೋಡಿ ಸಮ. ಫಿಶ್ ಪರೀಕ್ಷೆಯಲ್ಲೂ ಅಷ್ಟೇ. ಅದರಲ್ಲಿ ಎಬಿಎಲ್‌ಗೆ ಕೆಂಪು ದೀಪ, ಬಿಸಿಆರ್‌ಗೆ ಹಸಿರು ದೀಪ ಹಚ್ಚಿದ ಹಾಗೆ. ಎರಡೂ ಬೆಸೆದಿದ್ದರೆ ಹಳದಿ ಕಾಣುತ್ತದೆ. ಎಣಿಸಿದ 200 ಕೋಶಗಳಲ್ಲಿ ಹಳದಿ ಇರಲಿಲ್ಲ. ಆ ದಿನ ವರದಿ ಟೈಪ್ ಮಾಡುವಾಗ ಆದ ಖುಷಿ ಈಗಲೂ ನೆನಪಿದೆ.

ಆಮೇಲೆ ಸುಮಾರು ಎರಡು ವರ್ಷ ಅವರ ಮಾದರಿ ಬರಲಿಲ್ಲ. ಪಿಸಿಆರ್ ವಿಭಾಗಕ್ಕೂ ಬಂದಿರಲಿಲ್ಲ. ಯಾರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ಆರಾಮಾಗಿದ್ದೀನಲ್ಲ ಎಂದು ಮಾತ್ರೆಯನ್ನು ಬಿಟ್ಟು ಬಿಟ್ಟು ತಗೊಂಡಿದ್ದರು, ಕೆಲವು ತಿಂಗಳು ಪೂರ್ತಿ ಬಿಟ್ಟಿದ್ದರು.

ಮತ್ತೆ ಬಂದ ಮಜ್ಜೆಯ ಮೊದಲ ಕೋಶ ಎಣಿಸಿದೆ. 48. ತಪ್ಪಿರಬೇಕು ಎಂದು ಇನ್ನೊಮ್ಮೆ ಎಣಿಸಿದೆ. 48. ಗಿಡ್ಡ 22 ಈಗ ಒಂದಲ್ಲ, ಎರಡು. 8ನೇ ಕ್ರೋಮೋಸೋಮ್ ಮೂರು. 17ರ ಜೋಡಿಯಲ್ಲಿ ಒಂದು ವಿಚಿತ್ರವಾಗಿತ್ತು. ಸೊಂಟದಿಂದ ಮೇಲೂ ಕೆಳಗೂ ಒಂದೇ ಥರದ ಪಟ್ಟೆ, ಕನ್ನಡಿ ಹಿಡಿದ ಹಾಗೆ. ಅದಕ್ಕೆ ಐಸೋಕ್ರೋಮೋಸೋಮ್ ಎನ್ನುತ್ತೇವೆ. ಉದ್ದನೆಯ ತೋಳು ಎರಡು ಸಲ ಇದೆ, ಗಿಡ್ಡ ತೋಳು ಇಲ್ಲವೇ ಇಲ್ಲ.

17ರ ಆ ಗಿಡ್ಡ ತೋಳಿನಲ್ಲೇ ಟಿಪಿ53 ಜೀನ್ ಇರುವುದು. ಡಿಎನ್‌ಎಗೆ ಪೆಟ್ಟು ಬಿದ್ದರೆ ಕೋಶವನ್ನು ತಡೆದು ನಿಲ್ಲಿಸುವುದು, ರಿಪೇರಿ ಆಗದಿದ್ದರೆ ಸಾಯಿಸುವುದು ಅದರ ಕೆಲಸ. ಇನ್ನೊಂದು 17ರಲ್ಲಿ ಒಂದು ಪ್ರತಿ ಉಳಿದಿತ್ತು, ನಿಜ. ಆದರೆ ಇಬ್ಬರು ಕಾವಲಿದ್ದ ಕಡೆ ಒಬ್ಬರಾದರು. ಇಂಥ ತಡೆಯುವ ಜೀನುಗಳು ಜೋಡಿಯಾಗಿ ಇರುತ್ತವೆ, ಕ್ಯಾನ್ಸರ್ ಬರಲು ಎರಡೂ ಹಾಳಾಗಬೇಕು ಎಂಬ ವಿಚಾರವನ್ನು ಅಮೆರಿಕದ ವಿಜ್ಞಾನಿ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಮಕ್ಕಳ ಕಣ್ಣಿನ ಕ್ಯಾನ್ಸರ್‌ನ 48 ಪ್ರಕರಣ ನೋಡಿ ಮುಂದಿಟ್ಟರು. ಎಬಿಎಲ್ ಥರದ ಜೀನಿಗೆ ಒಂದೇ ಪೆಟ್ಟು ಸಾಕು, ಯಾಕೆಂದರೆ ಅಲ್ಲಿ ಸ್ವಿಚ್ ಹಾಕಿದರೆ ಮುಗಿಯಿತು. ಇದನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ಸ್ಲೈಡಿನ ಮುಂದೆ. ಆರದ ಸ್ವಿಚ್ ಕೋಶವನ್ನು ಬಿಡುವಿಲ್ಲದೆ ಓಡಿಸುತ್ತದೆ. ಆ ಓಟದಲ್ಲಿ ಡಿಎನ್‌ಎಗೆ ಪೆಟ್ಟು ಹೆಚ್ಚು, ರಿಪೇರಿಯಲ್ಲಿ ತಪ್ಪು ಹೆಚ್ಚು. ಮೊದಲ ತಪ್ಪು ಮುಂದಿನ ತಪ್ಪುಗಳಿಗೆ ತಾನೇ ದಾರಿ ಮಾಡಿಕೊಡುತ್ತದೆ. ಮೂರು ವರ್ಷದ ಹಿಂದಿನ ಸ್ಲೈಡನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಒಂದು ತಪ್ಪು ಅಲ್ಲಿ, ನಾಲ್ಕು ಇಲ್ಲಿ.

ಪಕ್ಕದ ರೂಮಿನವರು ಬೆಸೆದ ಜೀನಿನ ಅಕ್ಷರಗಳನ್ನು ಓದಿದರು. ಪ್ರೋಟೀನಿನ 315ನೇ ಜಾಗಕ್ಕೆ ಸಂಬಂಧಿಸಿದ ಅಕ್ಷರಗಳಲ್ಲಿ ಒಂದು 'ಸಿ' ಇದ್ದಲ್ಲಿ 'ಟಿ' ಬಂದಿತ್ತು. ಅಷ್ಟಕ್ಕೇ ಆ ಗುಳಿಯಲ್ಲಿ ಇಮಾಟಿನಿಬ್ ಕೂರುವುದಿಲ್ಲ. ಕ್ರೋಮೋಸೋಮ್ ನೋಡುವ ನನ್ನ ಕಣ್ಣಿಗೆ ಇಂಥ ಒಂದಕ್ಷರದ ಬದಲಾವಣೆ ಯಾವತ್ತೂ ಕಾಣುವುದಿಲ್ಲ. ಆ ಬದಲಾವಣೆಗೂ ಕೆಲಸ ಮಾಡುವ ಪೊನಾಟಿನಿಬ್ ಎಂಬ ಔಷಧ ಇದೆ. ಆದರೆ ಅಷ್ಟು ಹೊತ್ತಿಗೆ ಅವರ ರಕ್ತದ ತುಂಬ ಎಳೆಯ, ಬಲಿಯದ ಕೋಶಗಳೇ ಇದ್ದವು. ಅವರ ಮುಂದಿನ ಮಾದರಿ ನನಗೆ ಬರಲಿಲ್ಲ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಪಿಎಚ್ ರೋಗಿಯ ನಂಬರ್, ಮುಂದಿನ ಮಾದರಿ ಬರಬೇಕಾದ ತಿಂಗಳು. ತಿಂಗಳ ಮೊದಲ ಸೋಮವಾರ ಪಿಸಿಆರ್ ವಿಭಾಗದವರ ಪಟ್ಟಿ ಜೊತೆ ತಾಳೆ ನೋಡಿ, ಬಾರದವರ ನಂಬರ್ ಒಪಿಡಿಯ ನರ್ಸ್‌ಗೆ ಕೊಡುತ್ತೇನೆ. ಅವರು ಫೋನ್ ಮಾಡುತ್ತಾರೆ. ಒಬ್ಬರು ಗದ್ದೆ ಕೆಲಸ ಅಂತಾರೆ, ಒಬ್ಬರು ಮಾತ್ರೆಯಿಂದ ಕಾಲು ಹಿಡಿದುಕೊಳ್ಳುತ್ತದೆ ಅಂತಾರೆ. ಕಾಲು ನೋವಿಗೆ ಡಾಕ್ಟರು ಏನಾದರೂ ಮಾಡಬಹುದು, ಬಂದರೆ ತಾನೇ. ಈ ತಿಂಗಳು ಪಟ್ಟಿಯಲ್ಲಿ ಮೂವರು ಬಾಕಿ ಇದ್ದರು. ಒಬ್ಬರ ಟ್ಯೂಬ್ ಇವತ್ತು ಬೆಳಿಗ್ಗೆ ಬಂತು, 37 ಡಿಗ್ರಿಯಲ್ಲಿ ಇಟ್ಟಿದ್ದೇನೆ. ಇನ್ನಿಬ್ಬರದು ನಾಳೆ ಮತ್ತೆ ಕೇಳಬೇಕು.