ಕೆಲಸಕ್ಕೆ ಸೇರುವ ಮುನ್ನ ಕಂಪನಿಯ ಮೌಲ್ಯಗಳನ್ನು ಅದರ ವರದಿಯಲ್ಲಿ ಓದುವ ಬಗೆ

ನೌಕರರೇ ನಮ್ಮ ನಿಜವಾದ ಸಂಪತ್ತು ಎಂಬ ಮಾತು ದೊಡ್ಡ ಕಂಪನಿಗಳ ಜಾಲತಾಣಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಸಿಗುತ್ತದೆ. ಅದು ಎಷ್ಟರ ಮಟ್ಟಿಗೆ ನಿಜವೆಂದು ಈಗ ನಾವೇ ಪರಿಶೀಲಿಸಬಹುದು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ, ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ‘ಬಿಆರ್‌ಎಸ್‌ಆರ್’ ಎಂದು ಕರೆಯಲಾಗುವ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಪ್ರಕಟಿಸುವುದನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2022-23ನೇ ಹಣಕಾಸು ವರ್ಷದಿಂದ ಕಡ್ಡಾಯಗೊಳಿಸಿದೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಇನ್ಫೋಸಿಸ್, ವಿಪ್ರೊ, ಟೈಟನ್ ಮುಂತಾದ ಕಂಪನಿಗಳೂ ಇದನ್ನು ಸಲ್ಲಿಸುತ್ತವೆ. ಕಂಪನಿಯ ಜಾಲತಾಣದ ಹೂಡಿಕೆದಾರರ ವಿಭಾಗದಲ್ಲಿ ವಾರ್ಷಿಕ ವರದಿಯನ್ನು ತೆರೆದರೆ ಸಾಕು, ಇದು ಅದರ ಭಾಗವಾಗಿಯೇ ಇರುತ್ತದೆ. ಹಣ ಕೊಡಬೇಕಿಲ್ಲ, ಅನುಮತಿ ಕೇಳಬೇಕಿಲ್ಲ.

ಓದಲು ತೊಡಗುವ ಮುನ್ನ ಒಂದು ಗೊಂದಲವನ್ನು ಬಗೆಹರಿಸಿಕೊಳ್ಳಿ. ಶಾಲೆಗಳಿಗೆ ಕಟ್ಟಡ, ಕೆರೆಗಳ ಪುನಶ್ಚೇತನ ಮುಂತಾಗಿ ಸಾಮಾಜಿಕ ಹೊಣೆಗಾರಿಕೆಯ ಹೆಸರಿನಲ್ಲಿ ಕಂಪನಿ ಮಾಡುವ ಸಿಎಸ್‌ಆರ್ ವೆಚ್ಚ ಬೇರೆ, ನೌಕರರಿಗೆ ಅದು ನೀಡುವ ಭದ್ರತೆ ಬೇರೆ. ಕಂಪನಿಗಳ ಕಾಯ್ದೆಯ ನಿಯಮಗಳ ಪ್ರಕಾರ, ಸ್ವಂತ ನೌಕರರ ಅನುಕೂಲಕ್ಕೆಂದು ಮಾಡಿದ ವೆಚ್ಚವನ್ನು ಸಿಎಸ್‌ಆರ್ ಲೆಕ್ಕಕ್ಕೆ ಸೇರಿಸುವಂತಿಲ್ಲ. ಆದುದರಿಂದ ಸಿಎಸ್‌ಆರ್ ಪುಟಗಳ ಸುಂದರ ಚಿತ್ರಗಳನ್ನು ದಾಟಿ, ವರದಿಯನ್ನು ವಿಂಗಡಿಸಿರುವ ಒಂಬತ್ತು ತತ್ತ್ವಗಳ ಪೈಕಿ ಮೂರನೆಯದಕ್ಕೆ ನೇರವಾಗಿ ಹೋಗಿ. ನೌಕರರ ಯೋಗಕ್ಷೇಮದ ವಿವರ ಅಲ್ಲಿದೆ.

ಆರೋಗ್ಯ ವಿಮೆ, ಅಪಘಾತ ವಿಮೆ, ಹೆರಿಗೆ ಸೌಲಭ್ಯ, ತಂದೆಯ ರಜೆ, ಮಕ್ಕಳ ಪಾಲನಾ ಕೇಂದ್ರ, ಇವು ಶೇಕಡಾ ಎಷ್ಟು ಜನರಿಗೆ ದೊರೆಯುತ್ತಿವೆ ಎಂಬ ಕೋಷ್ಟಕ ಅಲ್ಲಿ ಮೊದಲಿಗೆ ಬರುತ್ತದೆ. ಖಾಯಂ ನೌಕರರ ಸಾಲಿನಲ್ಲಿ ನೂರಕ್ಕೆ ನೂರು ಎಂದಿರುವುದನ್ನು ಕಂಡು ತೃಪ್ತರಾಗಬೇಡಿ. ಅದರ ಕೆಳಗೆ ಖಾಯಂ ಅಲ್ಲದವರ ಸಾಲಿದೆ. ಅದೇ ಕಟ್ಟಡದಲ್ಲಿ, ಅದೇ ಪಾಳಿಯಲ್ಲಿ ದುಡಿಯುವ ಗುತ್ತಿಗೆಯವರಿಗೆ ವಿಮೆ ಇದೆಯೇ, ಅವರ ಸಂಖ್ಯೆ ಎಷ್ಟು ಎಂಬುದನ್ನು ಆ ಸಾಲು ತಿಳಿಸುತ್ತದೆ; ಹಿಂದಿನ ವರ್ಷದ ವರದಿಯೊಂದಿಗೆ ಹೋಲಿಸಿದರೆ ಆ ಸಂಖ್ಯೆ ಏರುತ್ತಿದೆಯೇ ಎಂಬುದೂ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಇದಕ್ಕಿಂತ ಮುಖ್ಯವಾದ ಸಾಲು ಇನ್ನೊಂದಿಲ್ಲ, ಏಕೆಂದರೆ ಬಿಟ್ಟುಹೋದರೆ ಕಷ್ಟವೆನಿಸುವ ಪರಿಣತರನ್ನು ಎಲ್ಲ ಕಂಪನಿಗಳೂ ಚೆನ್ನಾಗಿ ನೋಡಿಕೊಳ್ಳುತ್ತವೆ. ಸುಲಭವಾಗಿ ಬದಲಾಯಿಸಬಹುದಾದವರನ್ನು ನಡೆಸಿಕೊಳ್ಳುವ ರೀತಿಯಲ್ಲಿಯೇ ಮೌಲ್ಯ ಕಾಣುವುದು.

ಹೆರಿಗೆ ರಜೆಯ ವಿಷಯದಲ್ಲಿಯೂ ಹೀಗೆಯೇ ಒಂದು ಹೆಜ್ಜೆ ಮುಂದೆ ಹೋಗಿ ನೋಡಬೇಕು. ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಮತ್ತು 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಸೌಲಭ್ಯ ಕಾನೂನಿನ ಅಗತ್ಯಗಳೇ ಆಗಿರುವುದರಿಂದ, ಅವನ್ನು ಕಂಪನಿಯ ಔದಾರ್ಯವೆಂದು ಎಣಿಸಬೇಕಿಲ್ಲ. ರಜೆ ಮುಗಿಸಿದವರಲ್ಲಿ ಎಷ್ಟು ಮಂದಿ ಮರಳಿದರು, ಮರಳಿದವರಲ್ಲಿ ಎಷ್ಟು ಮಂದಿ 12 ತಿಂಗಳ ನಂತರವೂ ಅಲ್ಲಿಯೇ ಇದ್ದಾರೆ ಎಂಬ ಎರಡು ಪ್ರಮಾಣಗಳು ವರದಿಯಲ್ಲಿರುತ್ತವೆ. ಮೊದಲನೆಯದು ಹೆಚ್ಚಿದ್ದು ಎರಡನೆಯದು ಕುಸಿದಿದ್ದರೆ, ಮರಳಿದ ತಾಯಂದಿರಿಗೆ ಸಿಕ್ಕ ಕೆಲಸ, ಸಮಯ ಮತ್ತು ಬಡ್ತಿಯ ಬಗ್ಗೆ ಸಂದರ್ಶನದಲ್ಲಿ ಕೇಳಲೇಬೇಕು.

ಐದನೆಯ ತತ್ತ್ವದಡಿ ಕನಿಷ್ಠ ವೇತನದ ವಿವರ, ಪುರುಷರ ಮತ್ತು ಮಹಿಳೆಯರ ಮಧ್ಯಾಂಕ ವೇತನ (ಎಲ್ಲರ ಸಂಬಳವನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಸಂಬಳ), ಲೈಂಗಿಕ ಕಿರುಕುಳದ ದೂರುಗಳ ಸಂಖ್ಯೆ ಇವೆ. ಸಾವಿರಾರು ಮಹಿಳೆಯರಿರುವ ಕಂಪನಿಯಲ್ಲಿ ವರ್ಷಗಟ್ಟಲೆ ದೂರುಗಳು ಸೊನ್ನೆಯೆಂದಿದ್ದರೆ ನಾನು ಅದನ್ನು ಒಳ್ಳೆಯ ಸುದ್ದಿಯೆಂದು ಓದುವುದಿಲ್ಲ. ದೂರು ನೀಡಲು ಧೈರ್ಯವಿರುವ ಕಡೆ ಕೆಲವಾದರೂ ದಾಖಲಾಗುತ್ತವೆ. ವರ್ಷದ ಕೊನೆಗೆ ಬಾಕಿ ಉಳಿದವು ಎಷ್ಟೆಂಬುದು ಹೆಚ್ಚು ಹೇಳುತ್ತದೆ, ಏಕೆಂದರೆ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು.

ಕಾರ್ಖಾನೆಯ ಕೆಲಸವಾದರೆ ಅಪಘಾತ ಮತ್ತು ಸಾವುಗಳ ಅಂಕಿಗಳನ್ನೂ, ಕಚೇರಿ ಕೆಲಸವಾದರೆ ಮೊದಲ ಭಾಗದಲ್ಲಿರುವ, ಕೆಲಸ ಬಿಟ್ಟವರ ಮೂರು ವರ್ಷಗಳ ಪ್ರಮಾಣವನ್ನೂ ನೋಡಿ. ಒಂದೇ ಕಂಪನಿಯ ಎರಡು ವರ್ಷಗಳ ವರದಿಗಳನ್ನೂ, ಅದೇ ಉದ್ಯಮದ ಇನ್ನೊಂದು ಕಂಪನಿಯ ವರದಿಯನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ಅಂಕಿಗಳಿಗೆ ಅರ್ಥ ಬರುತ್ತದೆ. ಖಾಲಿ ಬಿಟ್ಟ ಅಥವಾ ‘ಅನ್ವಯಿಸುವುದಿಲ್ಲ’ ಎಂದು ಬರೆದ ಕಡೆಗಳನ್ನು ಗುರುತು ಹಾಕಿಕೊಂಡು, ಸೇರ್ಪಡೆ ಪತ್ರಕ್ಕೆ ಸಹಿ ಮಾಡುವ ಮೊದಲೇ ಮಾನವ ಸಂಪನ್ಮೂಲ ವಿಭಾಗಕ್ಕೆ ಇ-ಮೇಲ್ ಮೂಲಕ ಪ್ರಶ್ನೆ ಕಳುಹಿಸಿ, ಉತ್ತರವನ್ನು ಬರಹದಲ್ಲಿಯೇ ಪಡೆದುಕೊಳ್ಳಿ.