ರಣಜಿ ಆಡಿ ಬಂದು ದಲಾಲಿ ಅಂಗಡಿಯಲ್ಲಿ ನಿಂತ ಬಗೆ

ಕ್ರಿಕೆಟ್ ಬಿಟ್ಟು ಮನೆಯ ವ್ಯಾಪಾರಕ್ಕೆ ಬಂದ ಹುಡುಗರು ನನ್ನನ್ನು ಹುಡುಕಿಕೊಂಡು ಮೆಣಸಿನಕಾಯಿ ಮಾರುಕಟ್ಟೆಯ ಊರಾದ ಬ್ಯಾಡಗಿಗೆ ಬರುವುದುಂಟು. ಹೆಚ್ಚಿನವರು ಹುಬ್ಬಳ್ಳಿ, ಗದಗ, ಬೆಳಗಾವಿ ಕಡೆಯವರು. ಕಿರಿಯರ ತಂಡಗಳಲ್ಲಿ ರಾಜ್ಯಕ್ಕೆ ಆಡಿ, ಒಂದೆರಡು ರಣಜಿ ಪಂದ್ಯಕ್ಕೂ ಇಳಿದು, ಮೂವತ್ತರ ಹತ್ತಿರ ಅಪ್ಪನ ಅಂಗಡಿಗೆ ಮರಳಿದವರು. "ಅಣ್ಣಾರ, ಗಾದಿ ಮ್ಯಾಲೆ ಕೂತ್ರ ಮನಸು ನಿಲ್ಲವಲ್ದು. ನೀವು ಹ್ಯಾಂಗ ನಿಂತ್ರಿ?" ಅಂತ ಕೇಳುತ್ತಾರೆ. ಗಾದಿ ಅಂದರೆ ಅಂಗಡಿಯ ಯಜಮಾನ ಕೂರುವ ಜಾಗ. ಬಾಯಲ್ಲಿ ಹೇಳಿದರೆ ಅರ್ಧ ಉಳಿದುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಎಡಗೈ ಸ್ಪಿನ್ನರ್. ಮ್ಯಾಟ್ ಪಿಚ್ ಮೇಲೆ ಬೆಳೆದವನು. ತೊಂಬತ್ತರ ದಶಕದ ಕರ್ನಾಟಕ ತಂಡದಲ್ಲಿ ಎಡಗೈ ಸ್ಪಿನ್ನರ್‌ಗೆ ಇದ್ದದ್ದು ಒಂದೇ ಜಾಗ, ಅದು ಸುನಿಲ್ ಜೋಶಿಯವರದು. ಗದಗದಿಂದ ನಸುಕಿನಲ್ಲಿ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ ಮೇಲೆ ಬಂದವರು ಅವರು. 1995-96ರ ರಣಜಿಯಲ್ಲಿ ಐನೂರರ ಮೇಲೆ ರನ್, ಐವತ್ತರ ಮೇಲೆ ವಿಕೆಟ್, ಎರಡನ್ನೂ ಒಂದೇ ಋತುವಿನಲ್ಲಿ ಮಾಡಿದರು. ಕರ್ನಾಟಕ ಆ ವರ್ಷ ಟ್ರೋಫಿ ಗೆದ್ದಿತು, ಮತ್ತೆ 1997-98ರಲ್ಲಿ, 1998-99ರಲ್ಲಿ. ಅವರು ಭಾರತ ತಂಡಕ್ಕೆ ಹೋದಾಗ ನನಗೆ ಕರೆ ಬರುತ್ತಿತ್ತು. ಆಡಿದ ಪಂದ್ಯ ಬೆರಳೆಣಿಕೆಯವು, ಆದರೆ ಅಂಥವರ ನೆರಳಲ್ಲಿ ಕಾದು ಕೂತಿದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆಯಿದೆ.

ಆಟ ನನಗೆ ಕೊಟ್ಟ ದೊಡ್ಡ ವಸ್ತು ಹೆಸರಲ್ಲ, ಬ್ಯಾಂಕಿನ ನೌಕರಿ. ಇದನ್ನು ಹುಡುಗರಿಗೆ ಒತ್ತಿ ಹೇಳುತ್ತೇನೆ. ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕವರಿಗೆ ಆಗ ಅಭ್ಯಾಸಕ್ಕೆ, ಪಂದ್ಯಕ್ಕೆ ರಜೆ ಸಲೀಸಾಗಿ ಸಿಗುತ್ತಿತ್ತು. ಸಹಿ ಹಾಕಿ ಮೈದಾನಕ್ಕೆ ಹೋದರೂ ಕೇಳುವವರಿರಲಿಲ್ಲ. ನಾನು ಮಳೆಗಾಲದಲ್ಲಿ ಆಟವಿಲ್ಲದ ತಿಂಗಳುಗಳನ್ನು ಸಾಲದ ವಿಭಾಗದಲ್ಲಿ ಕಳೆದೆ. ವ್ಯಾಪಾರಿಗಳಿಗೆ ಸಿ.ಸಿ. ಖಾತೆ (ಮಿತಿಯೊಳಗೆ ಬೇಕಾದಾಗ ಹಣ ತೆಗೆಯುವ ಸಾಲ) ಹೇಗೆ ಮಂಜೂರಾಗುತ್ತದೆ, ತಿಂಗಳಿಗೊಮ್ಮೆ ಕೊಡುವ ಸ್ಟಾಕ್ ಪಟ್ಟಿಯಲ್ಲಿ ಮ್ಯಾನೇಜರ್ ಏನು ನೋಡುತ್ತಾರೆ, ಬರಬೇಕಾದ ಬಾಕಿ ಹಳೆಯದಾದಷ್ಟೂ ಬ್ಯಾಂಕು ಅದನ್ನು ಯಾಕೆ ಲೆಕ್ಕದಿಂದ ಬಿಡುತ್ತದೆ, ಎಲ್ಲ ಅಲ್ಲಿ ಕಲಿತದ್ದು. ಮುಂದೆ ನಮ್ಮ ಅಂಗಡಿಯನ್ನು ಎತ್ತಿ ಹಿಡಿದದ್ದು ಈ ಕಲಿಕೆಯೇ.

ಅಪ್ಪನಿಗೆ ಆರೋಗ್ಯ ಕೈಕೊಟ್ಟಾಗ ಊರಿಗೆ ಬಂದೆ. ನಮ್ಮದು ಅಜ್ಜನ ಕಾಲದ ಮೆಣಸಿನಕಾಯಿ ದಲಾಲಿ ಅಂಗಡಿ, ರೈತರ ಮಾಲನ್ನು ಖರೀದಿದಾರರಿಗೆ ಮಾರಿಸಿ ಕಮಿಷನ್ ಪಡೆಯುವುದು. ಗಾದಿಯ ಮೇಲೆ ಅಷ್ಟೊತ್ತಿಗೆ ನನ್ನ ತಮ್ಮ ಕೂತು ವರ್ಷಗಳಾಗಿದ್ದವು. ವಯಸ್ಸಿನಲ್ಲಿ ನಾನು ಹಿರಿಯ, ವ್ಯವಹಾರದಲ್ಲಿ ಅವನು. ಅಣ್ಣ ಬಂದನೆಂದು ತಮ್ಮ ಎದ್ದು ಜಾಗ ಬಿಟ್ಟರೆ ಮನೆ ಒಡೆಯಲು ಅಷ್ಟೇ ಸಾಕು. ಹಾಗಾಗಿ ಮೊದಲ ದಿನವೇ ನನಗೆ ಗಾದಿ ಬೇಡ, ಮಾಲು ಇಳಿಯುವ ಮಾರುಕಟ್ಟೆಯ ಯಾರ್ಡ್ ನೋಡಿಕೊಳ್ಳುತ್ತೇನೆ ಎಂದೆ. ಅಪ್ಪನಿಗೆ ಸಮಾಧಾನವಾಗಲಿಲ್ಲ.

"ಸ್ಟೇಟ್‌ಗೆ ಆಡಿದವ ಹಮಾಲರ ಜೋಡಿ ನಿಂತ್ರ ಮಂದಿ ಏನಂತಾರಪಾ?"

"ಕಾಯಿ ಗೊತ್ತಾಗೂ ತನಕ ಮಂದಿ ಏನಂದ್ರೂ ಅಷ್ಟ ಅಪ್ಪಾ."

ಬ್ಯಾಡಗಿ ಕಾಯಿಯಲ್ಲಿ ಮುಖ್ಯವಾಗಿ ಎರಡು ಬಗೆ. ಡಬ್ಬಿ ಗಿಡ್ಡ, ದುಂಡಗೆ, ಬೀಜ ಹೆಚ್ಚು, ಮೈತುಂಬ ಸುಕ್ಕು. ಕಡ್ಡಿ ಉದ್ದ, ತೆಳ್ಳಗೆ, ಬೀಜ ಕಡಿಮೆ. ಎರಡರಲ್ಲೂ ಖಾರ ಕಡಿಮೆ, ಬಣ್ಣ ಗಾಢ. 2011ರಲ್ಲಿ ಇದಕ್ಕೆ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಬಂತು. ಈಗ ಹೈಬ್ರಿಡ್ ಬೀಜದ ಕಾಯಿಯೂ ಆಂಧ್ರದ ಮಾಲೂ ಇದೇ ಯಾರ್ಡಿಗೆ ಬರುತ್ತವೆ. ದೂರದಿಂದ ಎಲ್ಲ ಕೆಂಪೇ. ಹತ್ತಿರ ಹೋದಾಗ ಗುರುತಿಸಲು ಬರಬೇಕು.

ಕಲಿಸಿದವರು ಅಜ್ಜನ ಕಾಲದಿಂದ ನಮ್ಮಲ್ಲಿ ದುಡಿದ ಹಿರಿಯ ಹಮಾಲರು. "ಚೀಲದ ಬಾಯಾಗಿನ ಕಾಯಿ ನೋಡಬ್ಯಾಡ ತಮ್ಮಾ, ಅದು ಎಲ್ಲಾರ್ದೂ ಚಂದ ಇರ್ತದ. ಮೊಣಕೈ ತನಕ ಕೈ ಹಾಕು" ಅನ್ನುತ್ತಿದ್ದರು. ಒಳಗೆ ಹೋದ ಕೈಗೆ ತಂಪು ತಾಗಿದರೆ ತೇವ ಹೆಚ್ಚಿದೆ. ತಳದಿಂದ ಒಂದು ಹಿಡಿ ತೆಗೆದು ಹಿಚುಕಿ ಬಿಡಬೇಕು. ಕಾಯಿ ಮೆಲ್ಲಗೆ ಅರಳಿ ಮೊದಲಿನ ಆಕಾರಕ್ಕೆ ಬಂದರೆ ಹದವಾಗಿದೆ. ಚರಚರ ಮುರಿದರೆ ಅತಿಯಾಗಿ ಒಣಗಿದೆ, ಸಾಗಿಸುವಾಗ ಪುಡಿಯಾಗುತ್ತದೆ. ಮುದ್ದೆಯಾಗಿ ಹಾಗೇ ಉಳಿದರೆ ಹಸಿ. ಆಮೇಲೆ ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸಪ್ಪಳ ಕೇಳಬೇಕು. ಕೊನೆಗೆ ಒಂದನ್ನು ಸೀಳಿ ಒಳಮೈ ನೋಡಬೇಕು, ಬೂಷ್ಟು ಇರುವುದು ಅಲ್ಲೇ. ತೇವ ನೂರಕ್ಕೆ ಹತ್ತು ಹನ್ನೊಂದರ ಒಳಗಿದ್ದರೆ ಮಾಲು ಕೆಡದೆ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ, ರಫ್ತಿನವರು ಅಂಥ ಮಾಲನ್ನು ಮುಟ್ಟುವುದಿಲ್ಲ. ಚೆಂಡು ಹಿಡಿದು ಸೀಳಿದ್ದ ತೋರುಬೆರಳಿಗೆ ಮೊದಲ ಹಂಗಾಮಿನಲ್ಲಿ ಘಾಟು ಹತ್ತಿ ರಾತ್ರಿಯೆಲ್ಲ ಉರಿಯುತ್ತಿತ್ತು. ಆದರೂ ಕೈಗವಸು ಹಾಕಲಿಲ್ಲ, ಹಾಕಿದ್ದರೆ ತಂಪು ತಿಳಿಯುತ್ತಿರಲಿಲ್ಲ.

ಬಣ್ಣವನ್ನು ಮಾತ್ರ ಕೈಯಿಂದ ಅಳೆಯಲಾಗದು. ಕೇರಳದಲ್ಲಿ ಕೊಚ್ಚಿಯ ಸುತ್ತಲಿನ, ಕಾಯಿಯ ಬಣ್ಣ ಮತ್ತು ಖಾರದ ಸಾರ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗಳು ಆಸ್ಟಾ ಎಂಬ ಅಳತೆಯಲ್ಲಿ ಬಣ್ಣ ನೋಡಿ ದರ ಕಟ್ಟುತ್ತವೆ; ಅಂಕಿ ಹೆಚ್ಚಿದಷ್ಟೂ ಬಣ್ಣ ಗಾಢ. ಒಳ್ಳೆಯ ಬ್ಯಾಡಗಿ ಕಾಯಿ 150 ದಾಟುತ್ತದೆ. ನಾನು ಬಂದ ಮೇಲೆ ದೊಡ್ಡ ಲಾಟುಗಳ ಸ್ಯಾಂಪಲನ್ನು ಪ್ರಯೋಗಾಲಯಕ್ಕೆ ಕಳಿಸಿ, ಬಂದ ವರದಿಯನ್ನು ರೈತನ ಕೈಗೂ ಕೊಡುವ ರೂಢಿ ಹಾಕಿದೆ. ಖರ್ಚು ಅಂಗಡಿಯದು. ತನ್ನ ಕಾಯಿಯ ಬಣ್ಣ ಎಷ್ಟೆಂದು ತಿಳಿದ ರೈತ ಮುಂದಿನ ವರ್ಷ ಕೊಯ್ಲು, ಒಣಗಿಸುವುದು ಎರಡನ್ನೂ ಬೇರೆ ಥರ ಮಾಡಿಕೊಂಡು ಬರುತ್ತಾನೆ.

ಈಗ ಹಣದ ವಿಷಯ. ಇಲ್ಲಿ ಸೋಮವಾರ, ಗುರುವಾರ ಟೆಂಡರ್, ಅಂದರೆ ಖರೀದಿದಾರರು ಮಾಲು ನೋಡಿ ದರ ಹಾಕುವ ದಿನ. ಹಂಗಾಮಿನಲ್ಲಿ ಒಂದೇ ದಿನ ಲಕ್ಷ ಚೀಲ ದಾಟಿ ಆವಕ ಬರುತ್ತದೆ. ಕುಂದಗೋಳ, ರೋಣ, ಮುಂಡರಗಿ ಕಡೆಯ ರೈತ ರಾತ್ರಿ ಟೆಂಪೋದಲ್ಲಿ ಬಂದು ಚೀಲದ ಮೇಲೇ ಮಲಗುತ್ತಾನೆ. ಮಧ್ಯಾಹ್ನ ದರ ಹೊರಬಿದ್ದು, ಅವನು ಒಪ್ಪಿ, ತೂಕವಾಗಿ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಆಗುವಷ್ಟರಲ್ಲಿ ಸಂಜೆ. ಅವತ್ತೇ ಹಣ ಕೈಗೆ ಬಂದರೆ ಕೂಲಿ, ಗೊಬ್ಬರದ ಸಾಲ ಎಲ್ಲ ತೀರಿಸಿ ಮನೆಗೆ ಹೋಗುತ್ತಾನೆ. ಆದರೆ ಖರೀದಿದಾರ ನಮಗೆ ಕೊಡುವುದು ಎರಡು ಮೂರು ವಾರ ಬಿಟ್ಟು. ನಡುವಿನ ಆ ಅಂತರವೇ ದಲಾಲಿ ಅಂಗಡಿಯ ನಿಜವಾದ ಪರೀಕ್ಷೆ. ಕಾನೂನಿನ ಪ್ರಕಾರ ದಲಾಲಿಯನ್ನು ಖರೀದಿದಾರನಿಂದ ತೆಗೆದುಕೊಳ್ಳಬೇಕು, ರೈತನ ಪಟ್ಟಿಯಲ್ಲಿ ಮುರಿಯುವಂತಿಲ್ಲ. ಬೇಗ ಹಣ ಬೇಕೆಂದರೆ ಇಷ್ಟು ಬಿಡು ಎಂದು ರೈತನಿಂದ ಹಿಡಿಯುವುದು ನನ್ನ ಕಣ್ಣಿಗೆ ಕಳವೇ.

ಆ ಅಂತರ ತುಂಬಲು ನಾವು ಬ್ಯಾಂಕಿನ ಸಾಲಕ್ಕೆ ಹೋದೆವು. ಅಜ್ಜ, ಅಪ್ಪ ಸ್ವಂತ ದುಡ್ಡು ಮತ್ತು ಬೀಗರ ಕೈಗಡದ ಮೇಲೆ ನಡೆಸಿದವರು. ಸಾಲ ಅಂದರೆ ಮಾನ ಹೋದಂತೆ ಎಂಬ ಭಾವ. ತಮ್ಮನನ್ನು ಪಕ್ಕ ಕೂರಿಸಿಕೊಂಡು ಮೂರು ವರ್ಷದ ಲೆಕ್ಕ ಹಾಕಿ ತೋರಿಸಿದೆ: ಯಾವ ವಾರ ಎಷ್ಟು ಹಣ ಹೊರಗಿರುತ್ತದೆ, ಅದಕ್ಕೆ ಬಡ್ಡಿ ಎಷ್ಟು, ಸಂಜೆಯೇ ಹಣ ಸಿಗುತ್ತದೆಂದು ಹೆಚ್ಚಿಗೆ ಬರುವ ಮಾಲಿನ ದಲಾಲಿ ಎಷ್ಟು. ಲೆಕ್ಕ ನೋಡಿ ಅವನೇ ಅರ್ಜಿಗೆ ಮೊದಲ ಸಹಿ ಹಾಕಿದ. ಅಂದಿನಿಂದ ನಮ್ಮ ಅಂಗಡಿಯಲ್ಲಿ ಪಟ್ಟಿಯಾದ ದಿನವೇ ಹಣ. ಹಾಗೆಯೇ ವಾಯಿದೆ ಮೀರಿದ ಖರೀದಿದಾರನಿಗೆ ಬಾಕಿ ತೀರುವ ತನಕ ಮಾಲು ಇಲ್ಲ, ಎಷ್ಟೇ ದೊಡ್ಡವರಾಗಿರಲಿ. ಹಳೆಯ ಆಟಗಾರನೆಂದು ಕುರ್ಚಿ ಕೊಟ್ಟು, ಚಹಾ ತರಿಸಿ, ಕುಂಬ್ಳೆ, ದ್ರಾವಿಡ್ ಬಗ್ಗೆ ಕೇಳುವ ಖರೀದಿದಾರರು ಬಹಳ. ಆ ಪ್ರೀತಿ ದೊಡ್ಡದು. ಆದರೆ ಹಳೆಯ ಬಾಕಿ ಅದರಿಂದ ಬಂದದ್ದಿಲ್ಲ. ವಾಯಿದೆ ಬರೆದಿಟ್ಟ ಕಾಗದದಿಂದ ಬಂದಿದೆ.

2023ರ ಆರಂಭದಲ್ಲಿ ಒಳ್ಳೆಯ ಡಬ್ಬಿ ಕ್ವಿಂಟಲ್‌ಗೆ 50 ಸಾವಿರ ದಾಟಿತ್ತು. ಆ ದರ ನೋಡಿ ಎಲ್ಲ ಕಡೆ ಮೆಣಸಿನ ಬೆಳೆ ಹೆಚ್ಚಾಯಿತು. ಮುಂದಿನ ಹಂಗಾಮಿನಲ್ಲಿ ಆವಕ ಉಕ್ಕಿ ಬಂದು ದರ ಕುಸಿಯಿತು. 2024ರ ಮಾರ್ಚ್ 11, ಸೋಮವಾರ, ರೈತರ ಸಿಟ್ಟು ಕಟ್ಟೆಯೊಡೆದು ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ವಾಹನಗಳು ಸುಟ್ಟವು. ನಮ್ಮ ಯಾರ್ಡಿನ ಇತಿಹಾಸದಲ್ಲಿ ಅದೊಂದು ನೋವಿನ ದಿನ. ಆ ವಾರ ನಾನು, ತಮ್ಮ ಇಬ್ಬರೂ ನಮ್ಮ ಅಂಗಡಿಗೆ ಮಾಲು ಹಾಕಿದ ರೈತರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಕೂತೆವು. ಟೆಂಡರ್ ದರ ಒಪ್ಪದಿರುವ ಹಕ್ಕು ರೈತನಿಗೆ ಇದ್ದೇ ಇದೆ, ಆದರೆ ಮಾಲು ಹೊತ್ತು ವಾಪಸ್ ಹೋಗುವ ಬಾಡಿಗೆ ಅವನ ಹತ್ತಿರ ಇರುವುದಿಲ್ಲ. ಕಾಯಿಯನ್ನು ಹೊರಗಿಟ್ಟರೆ ಬಿಸಿಲಿಗೆ, ಗಾಳಿಗೆ ಬಣ್ಣ ಇಳಿಯುತ್ತದೆ. ಅದಕ್ಕೆ ಬೇಡವೆಂದವರ ಚೀಲಗಳನ್ನು ಅವರದೇ ಹೆಸರಿನಲ್ಲಿ ಕೋಲ್ಡ್ ಸ್ಟೋರೇಜ್‌ಗೆ ಹಾಕಿಸಿ, ರಸೀತಿ ಅವರ ಕೈಗೆ ಕೊಟ್ಟು, ತುರ್ತಿಗೆ ಬೇಕಾದಷ್ಟು ಮುಂಗಡ ಕೊಟ್ಟೆವು. ಬ್ಯಾಂಕಿನ ಸಾಲದ ಅನುಕೂಲ ಇದ್ದದ್ದರಿಂದಲೇ ಅದು ಸಾಧ್ಯವಾಯಿತು.

ಅಪ್ಪ ಹೋದ ಮೇಲೆ ವರ್ಷ ತುಂಬುವ ಮೊದಲೇ ನಾನು, ತಮ್ಮ ಪಾಲುದಾರಿಕೆ ಪತ್ರ ಬರೆಸಿ ನೋಂದಣಿ ಮಾಡಿಸಿದೆವು. ಯಾರ ಪಾಲು ಎಷ್ಟು, ಚೆಕ್ಕಿಗೆ ಯಾರ ಸಹಿ, ಒಬ್ಬ ಇಲ್ಲವಾದರೆ ಅವನ ಮನೆಯವರಿಗೆ ಏನು, ಎಲ್ಲ ಅದರಲ್ಲಿದೆ. ಒಡಹುಟ್ಟಿದವರ ನಡುವೆ ಕಾಗದ ಯಾಕೆ ಎಂದು ನೆಂಟರು ಬೇಸರಿಸಿಕೊಂಡರು. ಒಡಹುಟ್ಟಿದವರೆಂದೇ ಬೇಕು. ಮಕ್ಕಳ ಬಗ್ಗೆಯೂ ಬರೆದಿದ್ದೇವೆ: ಮನೆಯವರು ಯಾರೇ ಬರಲಿ, ಮೊದಲ ಎರಡು ಹಂಗಾಮು ಯಾರ್ಡಿನಲ್ಲಿ, ಆಮೇಲೆ ಗಾದಿ. ತಮ್ಮನ ಮಗ ಈಗ ಮೊದಲ ಹಂಗಾಮಿನಲ್ಲಿದ್ದಾನೆ. ನನ್ನ ಮಗಳು ಬೆಂಗಳೂರಿನ ಕೆಲಸ ಬಿಟ್ಟು ಡಿಸೆಂಬರ್‌ಗೆ ಬರುತ್ತೇನೆಂದಿದ್ದಾಳೆ, ಅವಳಿಗೂ ಅದೇ ನಿಯಮ.